ಎತ್ತಿಕೊಂಡವಳು

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಯಾರೋ ಫೋಟೋಗ್ರಾಫರನ ಹೆಂಡತಿಯನ್ನು ನೋಡಿಯೇ ಕಟ್ಟಿರಬೇಕು. ಊರಿನವರ ಮುಖವನ್ನೆಲ್ಲ ಹಿಡಿದ ನನ್ನ ಅಪ್ಪ ನನ್ನ ಅಮ್ಮನ ಮುಖವನ್ನು ಹಿಡಿಯಲಿಲ್ಲ. ಆ ಕಾಲಕ್ಕೆ ನಮ್ಮ ಕಡೆಗೆಲ್ಲ ಇದ್ದದ್ದು ಒಂದೇ ಸ್ಟುಡಿಯೋ, ಅದು ಅಪ್ಪನದು. ಮದುವೆಯ ದಿನ ಮದುವೆಗಂಡೇ ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿಕೊಂಡು ನಿಲ್ಲುವುದು ಚೆನ್ನಾಗಿರುವುದಿಲ್ಲ ಎಂದು ಹಿರಿಯರು ಹೇಳಿದರಂತೆ. ಆಮೇಲೆ ತೆಗೆದರಾಯಿತು ಅಂದುಕೊಂಡರು. ಆಮೇಲೆ ಅನ್ನುವುದಕ್ಕೆ ಅಮ್ಮ ಉಳಿಯಲಿಲ್ಲ. ನನಗಿನ್ನೂ ಹಲ್ಲು ಹುಟ್ಟುವ ಮುಂಚೆಯೇ ಜ್ವರದಲ್ಲಿ ತೀರಿಕೊಂಡಳು.

ನನ್ನನ್ನು ಸಾಕಿದವಳು ಅಪ್ಪನ ಅಕ್ಕ, ನನ್ನ ಸೋದರತ್ತೆ. ಅವಳೂ ಹೋಗಿ ಕೆಲವು ವರ್ಷವಾಯಿತು. ಅಮ್ಮ ಹೇಗಿದ್ದಳು ಎಂದು ಕೇಳಿದರೆ ಅಪ್ಪ "ಚೆನ್ನಾಗಿದ್ಲು" ಎನ್ನುತ್ತಿದ್ದ. ಅತ್ತೆ "ನಿನ್ನ ಹಾಗೇ, ಹೇಳಿದ ಮಾತು ಕೇಳ್ತಿರ್ಲಿಲ್ಲ" ಎನ್ನುತ್ತಿದ್ದಳು. ನಾನು ಹಲ್ಲಿನ ಡಾಕ್ಟರು. ಎಲ್ಲಿ ನೋವು ಎಂದರೆ ಬಾಯಲ್ಲಿ ಎನ್ನುವ ರೋಗಿಗಳನ್ನು ದಿನಾ ನೋಡುತ್ತೇನೆ, ಆದರೂ ಈ ಇಬ್ಬರ ಉತ್ತರ ತರಿಸಿದಷ್ಟು ಸಿಟ್ಟನ್ನು ಅವರಾರೂ ತರಿಸಿಲ್ಲ. ಅರವತ್ತರ ಹತ್ತಿರ ಬಂದ ಹೆಂಗಸು ಅಮ್ಮನ ಮುಖ ನೋಡಬೇಕೆಂದು ಹಂಬಲಿಸುವುದು ಹೇಳಿಕೊಳ್ಳುವಂಥ ವಿಷಯವಲ್ಲ. ಆದರೂ ಹೇಳಿಕೊಳ್ಳುತ್ತಿದ್ದೇನೆ, ಏನು ಮಾಡಲಿ.

ಅಪ್ಪನ ಮೊಣಕಾಲು ಕೈಕೊಟ್ಟ ಮೇಲೆ ಸ್ಟುಡಿಯೋ ಮುಚ್ಚಿತು. ಗಾಜಿನ ನೆಗೆಟಿವ್‌ಗಳ ಪೆಟ್ಟಿಗೆಗಳು ನಮ್ಮ ಮನೆಗೆ ಬಂದು ಮಂಚಗಳ ಕೆಳಗೆ ಸೇರಿಕೊಂಡವು. ನನ್ನ ಮಗಳನ್ನು ನಾವು ಕಡ್ಡಿ ಎಂದು ಕರೆಯುತ್ತೇವೆ, ನೋಡಿದವರಿಗೆ ಕಾರಣ ಹೇಳಬೇಕಾಗಿಲ್ಲ. ಕಸ ಗುಡಿಸುವ ಸರದಿ ಬಂದಾಗಲೆಲ್ಲ ಅವಳು ಪೊರಕೆ ಪೆಟ್ಟಿಗೆಗೆ ತಾಕಿತೆಂದು ಗೊಣಗುತ್ತಿದ್ದಳು. ಹೀಗಿರುವಾಗ ನಗರದ ಕಲಾ ಮ್ಯೂಸಿಯಮ್ಮಿನವರು ತಾವೊಂದು ಆರ್ಕೈವ್ ಮಾಡಿದ್ದೇವೆ, ಹಳೆಯ ಸ್ಟುಡಿಯೋಗಳ ನೆಗೆಟಿವ್ ಕೂಡಿಡುತ್ತೇವೆ, ನಿಮ್ಮದನ್ನೂ ಕೊಡಿ ಎಂದು ಹುಡುಕಿಕೊಂಡು ಬಂದರು. ಕಲೆಯ ಚರಿತ್ರೆ ಬರೆಯುವವರು ಈಗ ದೊಡ್ಡ ದೊಡ್ಡ ಚಿತ್ರಕಾರರನ್ನು ಬಿಟ್ಟು ಇಂಥ ಪೆಟ್ಟಿಗೆಗಳ ಬೆನ್ನು ಹತ್ತಿದ್ದಾರಂತೆ. ಅಪ್ಪನಿಗೆ ನಗು ಬಂತು. ನನಗೆ ಆಸೆ ಬಂತು.

ಯಾಕೆಂದರೆ ಅವರು ಪ್ರತಿಯೊಂದು ಗಾಜನ್ನೂ ಸ್ಕ್ಯಾನ್ ಮಾಡಿ ನನಗೂ ಒಂದು ಪ್ರತಿ ಕೊಡುತ್ತೇವೆ ಎಂದಿದ್ದರು. ಅಷ್ಟು ಸಾವಿರ ಚಿತ್ರಗಳಲ್ಲಿ ಎಲ್ಲಾದರೂ ಒಂದು ಮೂಲೆಯಲ್ಲಿ, ಕನ್ನಡಿಯಲ್ಲೋ ಪರದೆಯ ಅಂಚಿನಲ್ಲೋ, ಚಹಾ ತಂದವಳಂತೆ ಅಮ್ಮ ನಿಂತಿರಬಹುದಲ್ಲ. ಅವರು ಹೇಳಿದ ಕಡೆ ಸಹಿ ಹಾಕಿದೆ. ಕ್ಲಿನಿಕ್ ಮುಗಿಸಿ ಬಂದು ಸಂಜೆಯೆಲ್ಲ ಆ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿಕೊಂಡು ನೋಡಿದೆ. ಮೀಸೆ ತಿರುವಿದವರು, ಪದವಿಯ ಗೌನು ತೊಟ್ಟವರು, ಕುರ್ಚಿಯ ಮೇಲೆ ಕೈಯಿಟ್ಟು ನಿಂತ ದಂಪತಿಗಳು, ಎಲ್ಲರೂ ಸಿಕ್ಕರು. ಬಿಳಿಯ ಬಯಲಿನಲ್ಲಿ ತೇಲುವ ಕೂಸುಗಳಂತೂ ರಾಶಿ ರಾಶಿ ಸಿಕ್ಕವು. ಅಮ್ಮ ಸಿಗಲಿಲ್ಲ.

ತೇಲುವ ಕೂಸುಗಳ ಗುಟ್ಟು ನನಗೆ ಗೊತ್ತಿತ್ತು. ಹಸುಗೂಸು ತಾನಾಗಿ ಕೂರುವುದಿಲ್ಲ, ಯಾರಾದರೂ ಎತ್ತಿ ಹಿಡಿಯಬೇಕು. ಆದರೆ ಗಿರಾಕಿಗೆ ಬೇಕಾದದ್ದು ಮಗು ಒಂದೇ. ಅದಕ್ಕೆ ಅಪ್ಪ ನೆಗೆಟಿವ್ ಮೇಲೆ, ಮಗುವಿನ ಸುತ್ತ, ಸಣ್ಣ ಕುಂಚದಲ್ಲಿ ಕೆಂಪು ಬಣ್ಣ ಬಳಿಯುತ್ತಿದ್ದ. ಬಣ್ಣ ಬಳಿದ ಕಡೆ ಬೆಳಕು ದಾಟುವುದಿಲ್ಲ, ಪ್ರಿಂಟಿನಲ್ಲಿ ಅಲ್ಲೆಲ್ಲ ಬಿಳಿ. ಎತ್ತಿಕೊಂಡವರ ಕೈ, ಮೈ, ಮುಖ ಎಲ್ಲ ಮಾಯ. ಎತ್ತಿಕೊಂಡಿದ್ದವರು ಆಯಾ ಮಕ್ಕಳ ತಾಯಂದಿರೇ ಇರಬೇಕೆಂದು ನಾನು ಅಂದುಕೊಂಡಿದ್ದೆ. ಇನ್ನಾರಿರುತ್ತಾರೆ.

ಮ್ಯೂಸಿಯಮ್ಮಿನಿಂದ ಒಂದು ದಿನ ಆಮಂತ್ರಣ ಬಂತು. ನಿಮ್ಮ ತಂದೆಯವರ ಸಂಗ್ರಹವನ್ನು ಆಧರಿಸಿ ಒಬ್ಬ ಕಲಾವಿದೆ ಹೊಸ ಕೃತಿ ಮಾಡಿದ್ದಾರೆ, ಉದ್ಘಾಟನೆಗೆ ದಯಮಾಡಿಸಬೇಕು ಎಂದಿತ್ತು. ಅಪ್ಪನಿಗೆ ಮೆಟ್ಟಿಲು ಹತ್ತಲಾಗುವುದಿಲ್ಲ. ನಾನೂ ಕಡ್ಡಿಯೂ ಹೋದೆವು. ಬಾಗಿಲಲ್ಲೇ ನಮ್ಮ ಫೋನು ಕಸಿದುಕೊಂಡರು. ಒಳಗೆ ಯಾರೂ ಚಿತ್ರ ತೆಗೆಯುವಂತಿಲ್ಲ, ರೆಕಾರ್ಡ್ ಮಾಡುವಂತಿಲ್ಲ, ಕಲಾವಿದೆಯ ಷರತ್ತು ಅದು ಎಂದರು. ಕೈಗೊಂದು ಮಡಿಸಿದ ಹಾಳೆ ಕೊಟ್ಟರು. ಆರ್ಕೈವ್ ನೆನಪಿಡುವ ಸಲುವಾಗಿಯೇ ಮರೆಯುತ್ತದೆ, ಈ ಕೃತಿ ಆ ಮರೆವಿನ ಒಳಗೆ ನಿಂತು ಮಾತಾಡುತ್ತದೆ ಎಂದೇನೋ ಒಬ್ಬ ಪ್ರೊಫೆಸರು ಬರೆದಿದ್ದರು. ಕಡ್ಡಿ ಓದಿ, "ಅಮ್ಮ, ಇದಕ್ಕೆ ಅರಿವಳಿಕೆ ಕೊಟ್ಟು ಓದಿಸ್ಬೇಕು" ಎಂದಳು. ಇಬ್ಬರೂ ಬಾಯಿ ಮುಚ್ಚಿಕೊಂಡು ನಕ್ಕೆವು. ಆ ಸಂಜೆ ನಾವು ನಕ್ಕದ್ದು ಅದೇ ಕೊನೆ.

ಕೋಣೆ ದೊಡ್ಡದು, ಗೋಡೆಗಳೆಲ್ಲ ಬೂದು ಬಣ್ಣ. ಎಡಗಡೆಯ ಗೋಡೆಯ ತುಂಬ ಅಂಗೈ ಅಗಲದ ಗಾಜಿನ ಚೂರುಗಳನ್ನು ಸಾಲಾಗಿ ತೂಗುಹಾಕಿ ಹಿಂದಿನಿಂದ ದೀಪ ಬಿಟ್ಟಿದ್ದರು. ಗಾಜಿನಲ್ಲಿ ಏನೂ ಇರಲಿಲ್ಲ. ಕಿಟಕಿಯ ಗಾಜಿನಷ್ಟು ಸ್ವಚ್ಛ. ನಡುವೆ ಉದ್ದನೆಯ ಮೇಜು, ಅದರ ಮೇಲೆ ಅಡಿಯಿಂದ ಬೆಳಕು ಬಿಟ್ಟ ಎರಡು ಗಾಜಿನ ತಟ್ಟೆಯಲ್ಲಿ ನೀರು, ಒಂದರಿಂದ ಹಬೆ ಏಳುತ್ತಿತ್ತು. ಮೇಜಿನ ಮೇಲಕ್ಕೆ ಒಂದು ಕ್ಯಾಮೆರಾ ಬಗ್ಗಿತ್ತು. ಅದು ನೆಗೆಟಿವನ್ನು ತಿರುವುಮುರುವು ಮಾಡಿ, ಕಪ್ಪಿದ್ದದ್ದನ್ನು ಬಿಳಿ ಮಾಡಿ, ಎದುರಿನ ಪರದೆಯ ಮೇಲೆ ಆಳೆತ್ತರಕ್ಕೆ ತೋರಿಸುತ್ತದೆ. ತೋರಿಸುತ್ತದೆ ಅಷ್ಟೇ, ಉಳಿಸಿಕೊಳ್ಳುವುದಿಲ್ಲ.

ಕಲಾವಿದೆ ಚಿಕ್ಕ ವಯಸ್ಸಿನವಳು, ಕಡ್ಡಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು. ಏಪ್ರನ್ ಕಟ್ಟಿಕೊಂಡಿದ್ದಳು, ಮಾತಾಡಲಿಲ್ಲ. ಪೆಟ್ಟಿಗೆಯಿಂದ ಒಂದು ಗಾಜು ತೆಗೆದು ಕ್ಯಾಮೆರಾದ ಕೆಳಗೆ ಹಿಡಿದಳು. ಪರದೆಯ ಮೇಲೆ ಒಂದು ಕೂಸು ಬಂತು, ಬಿಳಿಯ ಬಯಲಿನಲ್ಲಿ ತೇಲುತ್ತ, ಬೆರಗಾಗಿ ಕಣ್ಣರಳಿಸಿಕೊಂಡು. ಜನ ಅಯ್ಯೋ ಎಷ್ಟು ಮುದ್ದಾಗಿದೆ ಎಂಬಂತೆ ಲೊಚಗುಟ್ಟಿದರು. ಅವಳು ಗಾಜನ್ನು ತಣ್ಣೀರಿನ ತಟ್ಟೆಯಲ್ಲಿ ಮುಳುಗಿಸಿ ಮೆಲ್ಲಗೆ ಅಲ್ಲಾಡಿಸಿದಳು. ನೀರಿಗೆ ಕೆಂಪು ಬಿಟ್ಟುಕೊಂಡಿತು.

ಪರದೆಯ ಮೇಲಿನ ಬಿಳಿ ಕರಗತೊಡಗಿತು. ಮಗುವಿನ ಕಂಕುಳ ಕೆಳಗೆ ಬೆರಳುಗಳು ಮೂಡಿದವು. ಆಮೇಲೆ ಮುಂಗೈ, ತೋಳು, ಭುಜ. ಕೊರಳಿನ ಎರಡು ಮೂಳೆ ಎದ್ದು ಕಂಡವು. ನಾನು ಎಕ್ಸ್‌ರೇ ನೋಡುವ ಅಭ್ಯಾಸದಿಂದ ದವಡೆಯನ್ನು ಮೊದಲು ನೋಡಿದೆ. ಕೆಳದವಡೆ ಚೂಪಾಗಿ ಇಳಿದಿತ್ತು. ಈ ದವಡೆಗೆ ಜ್ಞಾನದ ಹಲ್ಲಿಗೆ ಜಾಗವಿರುವುದಿಲ್ಲ ಎಂದು ಮನಸ್ಸು ತನ್ನಷ್ಟಕ್ಕೆ ಹೇಳಿತು, ಹೋದ ವರ್ಷ ಕಡ್ಡಿಯದನ್ನು ನಾನೇ ಕಿತ್ತಿದ್ದೆನಲ್ಲ. ಅಷ್ಟರಲ್ಲಿ ಇಡೀ ಮುಖ ಬಂದುಬಿಟ್ಟಿತು. ಪರದೆಯ ಮೇಲೆ ನನ್ನ ಮಗಳು ಯಾರದೋ ಕೂಸನ್ನು ಎತ್ತಿಕೊಂಡು ನಿಂತಿದ್ದಳು.

ನನಗೆ ಉಸಿರು ನಿಂತಿತು. ಇದು ಉಪಮೆಯಲ್ಲ. ಒಳಗೆಳೆದ ಉಸಿರು ಹೊರಗೆ ಬರಲಿಲ್ಲ. ನಮ್ಮ ಮುಂದೆ ನಿಂತಿದ್ದ ಒಬ್ಬಾತ ಪರದೆ ನೋಡಿದ, ಹಿಂದೆ ತಿರುಗಿ ಕಡ್ಡಿಯನ್ನು ನೋಡಿದ, ಮತ್ತೆ ಪರದೆ ನೋಡಿದ. ಅವನ ಪಕ್ಕದವಳೂ ಹಾಗೇ ಮಾಡಿದಳು. ಕಡ್ಡಿಯ ಕೈ ನನ್ನ ಕೈಯನ್ನು ಹುಡುಕಿಕೊಂಡು ಬಂತು. "ಅಮ್ಮ," ಎಂದಳು, "ಅದು ಯಾರು?"

ಯಾರೆಂದು ನನಗೆ ಗೊತ್ತಿತ್ತು. ಹೇಳಲು ಬಾಯಿ ತೆರೆಯುವಷ್ಟರಲ್ಲಿ ಕಲಾವಿದೆ ಗಾಜನ್ನು ತಣ್ಣೀರಿನಿಂದ ಎತ್ತಿ ಬಿಸಿನೀರಿನ ತಟ್ಟೆಗೆ ಇಳಿಸಿದಳು.

ಗಾಜಿನ ಮೇಲಿನ ಚಿತ್ರ ಅಂಟಿನಂಥ ಪದರದಲ್ಲಿರುತ್ತದೆ, ಬಿಸಿನೀರು ತಾಕಿದರೆ ಕರಗುತ್ತದೆ. ಫೋಟೋಗ್ರಾಫರನ ಮಗಳಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನಾನು "ನಿಲ್ಲಿಸಿ" ಎಂದು ಕೂಗಿದೆ. ಜನರನ್ನು ತಳ್ಳಿಕೊಂಡು ಮೇಜಿನ ಕಡೆ ಓಡಿದೆ. "ಬಿಡಬೇಡ, ಮೇಲಕ್ಕೆತ್ತು, ಅದು ನನ್ನಮ್ಮ" ಎಂದು ಕಿರುಚಿದೆ. ತಟ್ಟೆಯೊಳಗೆ ಕೈ ಹಾಕಿದೆ, ಸುಟ್ಟಿತು. ಗಾಜು ಕೈಗೆ ಸಿಕ್ಕಿತು, ಅದರ ಮೇಲೆ ಬೆರಳಿಗೆ ಲೋಳೆ ಲೋಳೆಯಾಗಿ ಏನೋ ಜಾರಿತು. ತಲೆಯೆತ್ತಿ ಪರದೆ ನೋಡಿದೆ. ಆ ಮುಖ ಒಂದು ಪಕ್ಕಕ್ಕೆ ಎಳೆದುಕೊಂಡು, ಉದ್ದವಾಗಿ, ಹರಿದು, ಅಂಚಿನಾಚೆ ಹೋಯಿತು. ಅದನ್ನು ಜಾರಿಸಿದ್ದು ನನ್ನ ಬೆರಳೋ ನೀರೋ ಇವತ್ತಿಗೂ ಗೊತ್ತಿಲ್ಲ.

ಆಗ ಜನ ಚಪ್ಪಾಳೆ ತಟ್ಟಿದರು.

ಹೌದು, ತಟ್ಟಿದರು. ನಾನೂ ಪ್ರದರ್ಶನದ ಒಂದು ಭಾಗ ಎಂದುಕೊಂಡಿದ್ದರು. ಒಬ್ಬರ ಕಣ್ಣಲ್ಲಿ ನೀರು ಬಂದಿತ್ತು. ಹಿಂದಿನ ಸಾಲಿನಿಂದ ಒಬ್ಬರು "ಅದ್ಭುತ" ಎಂದರು. ನಾನು ಆ ಖಾಲಿ ಗಾಜನ್ನು ಹಿಡಿದುಕೊಂಡು, ಮೊಣಕೈವರೆಗೆ ನೀರು ಸುರಿಸಿಕೊಂಡು, ಮೂಕಿಯಾಗಿ ನಿಂತಿದ್ದೆ. ಅಲುಗಾಡದೆ ನಿಂತವಳು ಇನ್ನೊಬ್ಬಳೆಂದರೆ ಕಲಾವಿದೆ. ನಾನು ನಾಟಕದವಳಲ್ಲ ಎಂದು ಆ ಕೋಣೆಯಲ್ಲಿ ಕಡ್ಡಿಯನ್ನು ಬಿಟ್ಟರೆ ಗೊತ್ತಿದ್ದದ್ದು ಅವಳೊಬ್ಬಳಿಗೇ. ಅವಳು ನನ್ನನ್ನು ನೋಡಲಿಲ್ಲ, ನನ್ನ ಹಿಂದೆ ಬಂದು ನಿಂತಿದ್ದ ಕಡ್ಡಿಯ ಮುಖವನ್ನು ನೋಡುತ್ತಿದ್ದಳು. ನೋಡುತ್ತ ನೋಡುತ್ತ ಕೆಳಗೆ ಕುಸಿದು ಕೂತಳು.

ನಮ್ಮನ್ನು ಹಿಂದಿನ ಆಫೀಸಿಗೆ ಕರೆದುಕೊಂಡು ಹೋದರು. ನನ್ನ ಕೈಗೆ ಯಾರೋ ಒದ್ದೆ ಟವಲು ಸುತ್ತಿದರು. ಆರ್ಕೈವಿನ ಮುಖ್ಯಸ್ಥ ಓಡಿ ಬಂದ. ಸಜ್ಜನ, ಮೃದುವಾದ ಮಾತು, ಜೇಬಿನಲ್ಲಿ ಯಾವಾಗಲೂ ಹತ್ತಿಯ ಕೈಗವಸು.

"ಮೇಡಂ, ಗಾಬರಿ ಆಗ್ಬೇಡಿ," ಎಂದ. "ಇವರಿಗೆ ಕೊಡೋ ಮುಂಚೆ ಪ್ರತಿಯೊಂದನ್ನೂ ಸ್ಕ್ಯಾನ್ ಮಾಡಿದೀವಿ. ಒಂದೂ ಬಿಟ್ಟಿಲ್ಲ. ಎಲ್ಲಾ ಭದ್ರವಾಗಿದೆ."

ಹೋದ ಉಸಿರು ವಾಪಸು ಬಂದಂತಾಯಿತು. ಅವನು ಕಂಪ್ಯೂಟರ್ ತಿರುಗಿಸಿ ಆಗಷ್ಟೇ ಕರಗಿದ ಗಾಜಿನ ಚಿತ್ರವನ್ನು ಹುಡುಕಿ ತೆರೆದ. ಬಿಳಿಯ ಬಯಲಿನಲ್ಲಿ ಒಂದು ಕೂಸು ತೇಲುತ್ತಿತ್ತು.

"ಇದಲ್ಲ," ಎಂದೆ. "ಬಣ್ಣ ತೊಳೆದ ಮೇಲಿಂದು."

"ಬಣ್ಣ ನಾವು ತೊಳೆಯೋ ಹಾಗಿಲ್ಲ ಮೇಡಂ. ಬಂದ ಸ್ಥಿತೀಲೇ ಸ್ಕ್ಯಾನ್ ಮಾಡ್ಬೇಕು. ಅದು ನಮ್ಮ ಮೊದಲನೇ ನಿಯಮ."

"ತೊಳೆಯೋ ಹಾಗಿಲ್ಲ, ಆದ್ರೆ ಇವಳಿಗೆ ಕರಗಿಸೋಕೆ ಕೊಡಬಹುದು."

"ಅದು ರಿಜಿಸ್ಟರಿಂದ ತೆಗೆದ ಮೇಲೆ. ರಿಜಿಸ್ಟರಲ್ಲಿ ಇರೋದರ ಧೂಳು ಒರೆಸೋಕೂ ನಾನು ಬಿಡಲ್ಲ. ತೆಗೆದಿದ್ದು ನಮ್ಮದಲ್ಲ." ಅವನು ದನಿ ತಗ್ಗಿಸಿದ. "ಒಂದೇ ಥರದ್ದು ಬಹಳ ಇತ್ತು ಮೇಡಂ. ಬರೀ ಮಗು. ಯಾರ ಮಗು ಅಂತ ಇಲ್ಲ. ಮೇಲೆ ಬಣ್ಣ ಬೇರೆ ಬಳಿದು ಹಾಳಾಗಿತ್ತು. ಇಟ್ಕೊಳ್ಳೋಕೆ ಜಾಗ ಎಲ್ಲಿದೆ? ಅದಕ್ಕೇ ಹೊರಗೆ ಹಾಕಿದ್ವಿ. ನಿಮ್ಮ ಸಹಿ ಇದೆ."

ಹಾಳಾಗಿತ್ತಂತೆ. ಅಪ್ಪ ಉಸಿರು ಬಿಗಿಹಿಡಿದು ಕೂದಲೆಳೆಯಷ್ಟೂ ಆಚೀಚೆ ಹೋಗದಂತೆ ಬಳಿದ ಬಣ್ಣ ಅದು. ಬೈಯಬೇಕೆಂದರೆ ಬೈಗುಳ ನೆನಪಾಗಲಿಲ್ಲ. ನನಗೆ ಹಾಗಾಗಿದ್ದು ಅದೇ ಮೊದಲು.

ಕಲಾವಿದೆ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದಳು. ಯಾರೂ ಕೇಳದೆ ತಾನೇ ಮಾತಾಡಿದಳು. "ಮೂರನೇದು ತೊಳೆಯೋ ಹೊತ್ತಿಗೇ ಗೊತ್ತಾಯ್ತು ನಂಗೆ, ಎಲ್ಲಾದರಲ್ಲೂ ಒಬ್ಬರೇ ಇದಾರೆ ಅಂತ. ಆರ್ಕೈವಲ್ಲಿ ಕೇಳ್ದೆ, ಅವರ ಹತ್ರ ಏನೂ ಮಾಹಿತಿ ಇರಲಿಲ್ಲ. ಮಗು ಹಿಡ್ಕೊಳ್ಳೋಕೆ ಅಂತ ಕೂಲಿಗೆ ಇಟ್ಕೊಂಡಿದ್ದ ಹೆಂಗಸು ಅಂದ್ಕೊಂಡೆ. ಯಾರಿಗೂ ಬೇಡವಾದೋರು ಅಂತ ಅವರ ಮೇಲೆ ಪ್ರೀತಿ ಬಂತು. ಅವರಿಗಾಗೇ ಮಾಡಿದ್ದು ಇದನ್ನ. ಒಂದು ನಿಮಿಷ ಮುಖ ತೋರಿಸಿ, ಆಮೇಲೆ ಅವರನ್ನ ಬಿಡುಗಡೆ ಮಾಡೋದು ಅಂತ."

"ಮಾಡಿದ್ಯಲ್ಲ," ಎಂದೆ. "ಚೆನ್ನಾಗಿ ಮಾಡ್ದೆ."

"ಅಭ್ಯಾಸ ಮಾಡುವಾಗ ವೀಡಿಯೋ ಏನಾದ್ರೂ?" ಎಂದು ಕಡ್ಡಿ ಕೇಳಿದಳು. "ಒಂದಾದ್ರೂ?"

ಅವಳು ತಲೆಯಲ್ಲಾಡಿಸಿದಳು. ಯಾವ ದಾಖಲೆಯೂ ಉಳಿಯಬಾರದು ಎನ್ನುವುದೇ ಕೃತಿಯಂತೆ. ತನ್ನ ಫೋನನ್ನೂ ಹೊರಗಿಟ್ಟು ಬರುತ್ತಿದ್ದಳಂತೆ. ಮಾತಿಗೆ ತಪ್ಪಿದವಳಲ್ಲ.

ಆಗ ನನಗೆ ಎಡಗಡೆಯ ಗೋಡೆ ನೆನಪಾಯಿತು. ಕೇಳುವುದೇ ಬೇಡ ಎನಿಸಿದರೂ ಕೇಳಿದೆ. "ಆ ಗೋಡೆ ಮೇಲೆ ಇರೋ ಗಾಜು?"

ಅವಳು ಅಳತೊಡಗಿದಳು. ಆ ಗೋಡೆಯ ತುಂಬ ನನ್ನ ಅಮ್ಮ ಇದ್ದಳು. ಒಂದು ಚಿತ್ರ ಸಿಕ್ಕರೆ ಸಾಕೆಂದು ನಾನು ಹುಡುಕಿದ್ದೆ. ಐವತ್ತಕ್ಕೂ ಹೆಚ್ಚು ಇದ್ದವು, ಒಂದೊಂದನ್ನೂ ಚೊಕ್ಕವಾಗಿ ತೊಳೆದು ದೀಪ ಹಚ್ಚಿಟ್ಟಿದ್ದರು.

ನನಗೆ ಅವಳ ಮೇಲೆ ಬಂದದ್ದು ಸಿಟ್ಟಲ್ಲ, ಹೊಟ್ಟೆಕಿಚ್ಚು. "ನೀನು ನೋಡಿದೀಯಲ್ಲ," ಎಂದೆ. "ಹೇಳು, ಹೇಗಿದ್ಲು?"

ಅವಳು ಮೂಗೊರೆಸಿಕೊಂಡು ಹೇಳಿದಳು. ಅಪ್ಪನೂ ಅತ್ತೆಯೂ ಒಂದು ಜನ್ಮದಲ್ಲಿ ಹೇಳದ್ದನ್ನು ಆ ಅಪರಿಚಿತ ಹುಡುಗಿ ಹೇಳಿದಳು. ಮಗುವನ್ನು ಅದರ ಬೆನ್ನಿಗೆ ಎಡಗೈ ಆನಿಸಿ ಹಿಡಿಯುತ್ತಿದ್ದರು. ಒಂದರಲ್ಲಿ ನಗು ತಡೆದುಕೊಂಡಿದ್ದರು, ಮಗು ಉಚ್ಚೆ ಹೊಯ್ದಿತ್ತೇನೋ. ಒಂದರಲ್ಲಿ ಕ್ಯಾಮೆರಾದ ಹಿಂದೆ ಇದ್ದವರನ್ನು ಬೈಯುತ್ತಿರುವ ಹಾಗೆ ಹುಬ್ಬು ಗಂಟಿಕ್ಕಿದ್ದರು. "ಆಮೇಲೆ, ಈಗ ಈಗ ತೊಳೆದವುಗಳಲ್ಲಿ," ಎಂದು ನಿಲ್ಲಿಸಿದಳು.

"ಏನು?"

"ಹೊಟ್ಟೆ ಬಂದಿತ್ತು. ಮಗೂನ ಹೊಟ್ಟೆ ಮೇಲೇ ಕೂರಿಸ್ಕೊಂಡಿದ್ರು. ಇವತ್ತಿಂದೂ ಹಾಗೇ. ಚಿತ್ರದ ಕೆಳಗಡೆ, ನೀವು ನೋಡ್ಲಿಲ್ವಾ?"

ನಾನು ನೋಡಲಿಲ್ಲ. ನಾನು ದವಡೆ ನೋಡುತ್ತಿದ್ದೆ. ಆ ಹೊಟ್ಟೆಯಲ್ಲಿದ್ದವಳು ನಾನು.

ಮೇಜಿನ ಕೆಳಗೆ ಪೆಟ್ಟಿಗೆಯಲ್ಲಿ ಇನ್ನೂ ಆರೇಳು ಗಾಜು ಉಳಿದಿದ್ದವು. ಅಪ್ಪ ಜೋಡಿಸಿದ ಸಾಲಿನಲ್ಲೇ ಒಂದೊಂದಾಗಿ ತೆಗೆಯುತ್ತ ಬಂದಿದ್ದೇನೆ, ಇವು ಆಮೇಲಿನವು ಎಂದು ಕಲಾವಿದೆ ಪೆಟ್ಟಿಗೆಯನ್ನು ನನ್ನ ಮಡಿಲಿಗಿಟ್ಟಳು. ಮುಖ್ಯಸ್ಥ ಏನೋ ಹೇಳಹೋದ. "ರಿಜಿಸ್ಟರಲ್ಲಿ ಇಲ್ಲ ಅಲ್ವಾ?" ಎಂದೆ. ಅವನು ಬಾಗಿಲು ತೆರೆದು ಹಿಡಿದ.

ಆಮೇಲಿನವು ಎಂದರೆ ಹೆರಿಗೆಯ ಆಮೇಲಿನವು. ಮನೆಗೆ ಬರುವ ದಾರಿಯುದ್ದಕ್ಕೂ ನಾನೂ ಕಡ್ಡಿಯೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಹೇಳಿದರೆ ಕೆಡುತ್ತದೆಂದು ಇಬ್ಬರಿಗೂ ಹೆದರಿಕೆ. ನನ್ನ ಮುಖ ಇಟ್ಟುಕೊಂಡ ಒಂದು ಕೂಸು ಇವುಗಳಲ್ಲೊಂದರಲ್ಲಿ ಇದ್ದರೂ ಇರಬಹುದು. ಅಮ್ಮನ ಕೈಯಲ್ಲಿ. ಸುಟ್ಟ ಕೈ ಆ ರಾತ್ರಿ ಉರಿಯಲೇ ಇಲ್ಲ.

ಬೆಳಿಗ್ಗೆ ಅಪ್ಪನಿಗೆ ಎಲ್ಲ ಹೇಳಿದೆವು. ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತು ಕೇಳಿದ. ಮುಖ ಬಿಳಿಚಿಕೊಳ್ಳುತ್ತ ಹೋಯಿತು. ಕೊನೆಗೆ ಕೇಳಿದ್ದು ಇದು: "ಬಣ್ಣ ತೊಳೆದ್ರಾ? ಗಿರಾಕಿ ನೆಗೆಟಿವಾ?"

"ಅಪ್ಪ, ಅದರಲ್ಲಿ ಅಮ್ಮ ಇದ್ಲು. ನಿಂಗೆ ಗೊತ್ತಿತ್ತಾ ಇಲ್ವಾ?"

"ಗೊತ್ತಿಲ್ದೆ ಏನು. ನಾನೇ ತೆಗೆದಿದ್ದು."

"ನಾನು ಎಷ್ಟು ಸಲ ಕೇಳಿದೀನಿ. ಅಮ್ಮನ ಫೋಟೋ ಇದೆಯಾ ಅಂತ."

"ಅವಳ ಫೋಟೋ ಇಲ್ಲ," ಎಂದ, ಸುಳ್ಳು ಹೇಳಿದವನ ಮುಖವಾಗಿರಲಿಲ್ಲ ಅದು. "ಅವು ಗಿರಾಕಿಗಳದ್ದು. ಮಗು ದೊಡ್ಡದಾದ ಮೇಲೆ ಇನ್ನೊಂದು ಪ್ರಿಂಟು ಅಂತ ಬರ್ತಾರೆ. ಬಣ್ಣ ತೊಳೆದಿಟ್ರೆ ಏನು ಕೊಡ್ಲಿ ಅವರಿಗೆ? ಅವಳು ತೀರ್ಕೊಂಡ ವರ್ಷ ಒಂದೆರಡು ಸಲ ನೀರು ತುಂಬಿ ಇಟ್ಕೊಂಡು ಕೂತಿದ್ದೆ. ಕೈ ಬರ್ಲಿಲ್ಲ. ನಮ್ಮದಲ್ಲದ್ದು ಅದು."

ನಾನು ಜೋರಾಗಿ ಮಾತಾಡಿದೆ. ಏನೇನು ಅಂದೆ ಎಂದು ಬರೆಯುವುದಿಲ್ಲ. ಒಬ್ಬ ಗಿರಾಕಿಗೆ ಮಾತು ಕೊಟ್ಟವನು, ಒಬ್ಬ ರಿಜಿಸ್ಟರಿಗೆ ಮಾತು ಕೊಟ್ಟವನು, ಒಬ್ಬಳು ತನ್ನ ಕಲೆಗೆ ಮಾತು ಕೊಟ್ಟವಳು. ಮೂವರಲ್ಲಿ ಒಬ್ಬರಾದರೂ ಕಳ್ಳರಾಗಿದ್ದರೆ ಅಮ್ಮ ಉಳಿಯುತ್ತಿದ್ದಳು. ಕಳ್ಳರು ಒಂದನ್ನಾದರೂ ಕದ್ದಿಟ್ಟುಕೊಳ್ಳುತ್ತಿದ್ದರು.

ಅಪ್ಪ ಎದ್ದು ಗೋಡೆ ಹಿಡಿದುಕೊಂಡು ಅಡುಗೆಮನೆಗೆ ನಡೆದ. ಸ್ಟೀಲಿನ ಬೋಗುಣಿಗೆ ನಲ್ಲಿಯ ನೀರು ಹಿಡಿದು, ಬೆರಳದ್ದಿ ತಣ್ಣಗಿದೆಯೇ ನೋಡಿದ. "ತಗೊಂಡ್ಬಾ," ಎಂದ. "ಇನ್ಯಾವ ಗಿರಾಕಿ ಬರ್ತಾರೆ."

ಕಡ್ಡಿ ಕಿಟಕಿಯ ಬೆಳಕಿಗೆ ನಿಂತು ತನ್ನ ಫೋನಿನ ಕ್ಯಾಮೆರಾದಲ್ಲಿ ಕಪ್ಪು ಬಿಳಿಯಾಗಿ ಕಾಣುವಂತೆ ಬಣ್ಣ ತಿರುಗಿಸಿಕೊಂಡಳು, ಹಾಗೆ ಹಿಡಿದರೆ ನೆಗೆಟಿವ್ ನೇರ ಕಾಣುತ್ತದಂತೆ. ಅಪ್ಪನ ಕೈ ಊಟದ ತಟ್ಟೆ ಹಿಡಿದರೆ ನಡುಗುತ್ತದೆ, ಗಾಜು ಹಿಡಿದಾಗ ನಡುಗಲಿಲ್ಲ. ಕೆಂಪು ಬಿಡುತ್ತ ಬಂತು.

"ಅಮ್ಮನೇ ಯಾಕೆ ಹಿಡ್ಕೋಬೇಕಿತ್ತು?" ಎಂದು ಕೇಳಿದೆ. ಸುಮ್ಮನೆ ನಿಲ್ಲಲು ಆಗುತ್ತಿರಲಿಲ್ಲ. "ಅವರವರ ತಾಯಂದಿರು ಇರ್ಲಿಲ್ವಾ?"

"ಅವರನ್ನ ಹೊರಗೆ ಕೂರಿಸ್ತಿದ್ದೆ. ಹೆತ್ತವಳ ಕೈಲಿ ಮಗು ಸುಮ್ನಿರಲ್ಲ. ಹಾಲು ಬೇಕು, ಮೂಗು ಹಿಡೀಬೇಕು, ಮುಖ ನೋಡ್ಬೇಕು, ಒದ್ದಾಡುತ್ತೆ. ಗಾಜಿನ ಪ್ಲೇಟಲ್ಲಿ ಚಿತ್ರ ಮಸುಕಾಗುತ್ತೆ. ಗುರುತಿಲ್ಲದ ಕೈಗೆ ಕೊಟ್ರೆ ಇದ್ಯಾರಪ್ಪ ಅಂತ ಬೆರಗಾಗಿ ಕಲ್ಲಿನ ಥರ ಕೂತ್ಕೊಳುತ್ತೆ. ಅಷ್ಟು ಹೊತ್ತು ಸಾಕು ನಂಗೆ." ಅವನು ಗಾಜನ್ನೆತ್ತಿ ನೀರು ಬಸಿದ. ನೆಗೆಟಿವ್ ಓದಲು ಅವನಿಗೆ ಫೋನು ಬೇಕಾಗಿಲ್ಲ. ಒಂದು ಗಳಿಗೆ ನೋಡಿ, "ಇದು ಅಕ್ಕ," ಎಂದ.

ಕಡ್ಡಿ ಫೋನು ಹಿಡಿದಳು. ಅಗಲವಾದ ಹಣೆ, ಗಟ್ಟಿಯಾಗಿ ಬಿಗಿದ ತುಟಿ. ಸಣ್ಣ ವಯಸ್ಸಿನದಾದರೂ ಅನುಮಾನವಿರಲಿಲ್ಲ. ಅತ್ತೆ.

ಎರಡನೆಯದರಲ್ಲೂ ಅತ್ತೆ. ಮೂರನೆಯದರಲ್ಲೂ. ಹೆರಿಗೆಯಾದ ಮೇಲೆ ಅಮ್ಮ ಸ್ಟುಡಿಯೋಗೆ ಬರಲಿಲ್ಲವಂತೆ. ಮೊದಲು ಬಾಣಂತಿ, ಆಮೇಲೆ ಜ್ವರ, ಆಮೇಲೆ ಇಲ್ಲ. ಮಗು ಹಿಡಿಯುವ ಕೆಲಸಕ್ಕೆ ಅತ್ತೆ ಬಂದಳಂತೆ. "ನೆನಪಿರ್ಬೇಕಿತ್ತು ನಂಗೆ," ಎಂದ ಅಪ್ಪ. ಪ್ರತಿ ಸಲ ಕೆಂಪು ಕರಗುವಾಗಲೂ ಕಡ್ಡಿಯ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದೆ, ಪ್ರತಿ ಸಲವೂ ಅದೇ ಹಣೆ, ಅದೇ ತುಟಿ. ನೀನಲ್ಲ, ನೀನು ಯಾಕೆ ಬಂದೆ, ಆಚೆ ಸರಿ ಎಂದು ಮನಸ್ಸಿನಲ್ಲೇ ಅವಳನ್ನು ಗದರಿಸಿದೆ. ಇದ್ದ ವಿಷಯ ಹೇಳುತ್ತಿದ್ದೇನೆ. ನನ್ನ ಜ್ವರಕ್ಕೆ ರಾತ್ರಿಯೆಲ್ಲ ಎದ್ದಿದ್ದವಳನ್ನು, ನನ್ನ ಕಾಲೇಜಿಗೆ ತನ್ನ ಬಳೆ ಬಿಚ್ಚಿಕೊಟ್ಟವಳನ್ನು, ಅವಳ ಮುಖ ಕಂಡ ತಪ್ಪಿಗೆ ಗದರಿಸಿದೆ.

ಕೊನೆಯ ಗಾಜು ತೊಳೆದಾಗ ಕಡ್ಡಿ ಫೋನನ್ನು ಹಿಂದೆ ಮುಂದೆ ಮಾಡಿದಳು. "ತಾತ, ಇದು ಫೋಕಸ್ ಆಗ್ತಿಲ್ಲ."

ನಾನು ಬಗ್ಗಿ ನೋಡಿದೆ. ಇದರಲ್ಲೂ ಅತ್ತೆಯೇ, ಕಣ್ಣರೆಪ್ಪೆ ಎಣಿಸುವಷ್ಟು ಸ್ಪಷ್ಟವಾಗಿ. ಅವಳ ತೋಳಿನಲ್ಲಿದ್ದ ಮಗು ಮಾತ್ರ ಕಲಸಿಹೋಗಿತ್ತು. ಕ್ಯಾಮೆರಾಕ್ಕೆ ಬೆನ್ನು ತಿರುಗಿಸಿ, ಅವಳ ಕಡೆ ಹೊರಳಿ, ಎರಡೂ ಕೈಯಿಂದ ಅವಳ ಮೂಗಿಗೋ ಕೆನ್ನೆಗೋ ಬಾಚಿಕೊಂಡಿತ್ತು.

"ಫೋನು ಸರಿ ಇದೆ," ಎಂದ ಅಪ್ಪ. "ಮಗು ಅಲ್ಲಾಡಿದೆ. ಇದು ಗಿರಾಕಿದಲ್ಲ. ನಮ್ಮ ಮಗೂದು ಒಂದು ಇರ್ಲಿ ಅಂತ ಕೂರಿಸಿದ್ದೆ. ಎಷ್ಟು ಪ್ಲೇಟು ಹಾಳು ಮಾಡಿದ್ಲು ಅವತ್ತು, ಕೊನೆಗೆ ಕೆಟ್ಟಿದ್ರೂ ಇದಕ್ಕೇ ಬಣ್ಣ ಬಳಿದಿಟ್ಟೆ. ಅಕ್ಕನ ಕೈಲಿ ಒಂದು ಗಳಿಗೆ ಸುಮ್ನಿರ್ಲಿಲ್ಲ."

ಕಡ್ಡಿ ನನ್ನ ಕಡೆ ತಿರುಗಿದಳು. ನಾನು ಅಡುಗೆಮನೆಯ ನೆಲದ ಮೇಲೆ, ನೀರು ಚೆಲ್ಲಿದ ಕಡೆಯೇ ಕೂತುಬಿಟ್ಟೆ. ಅಮ್ಮಾ ಎಂದು ಕೂಗಿಕೊಂಡೆ. ಯಾರನ್ನು ಕರೆದೆನೆಂದು ಅವರಿಬ್ಬರೂ ಕೇಳಲಿಲ್ಲ, ಕೇಳಿದ್ದರೂ ನನಗೆ ಗೊತ್ತಿರಲಿಲ್ಲ.